ಹೇಮದ ನಾಡಿನಲ್ಲಿ ಹಿಮದ ಮಾತು

ಹೇಮವನ್ನು ಬಲ್ಲ ಊರಿಗೆ ಹಿಮದ ಗೊಡವೆ ಏಕೆ ಎಂದು ಕೋಲಾರ ಚಿನ್ನದ ಗಣಿಯ ಮತ್ತು ಬಂಗಾರಪೇಟೆಯ ಹಿರಿಯರು ಕೇಳಿಯಾರು. ಮಂಜುಗಡ್ಡೆಯ ಮೇಲಣ ಓಟವು ಶೀತದೇಶದವರ ವಿನೋದ, ಬಿಸಿಲಸೀಮೆಯ ಮಕ್ಕಳಿಗೆ ಅದರಿಂದೇನು ಎಂಬ ಶಂಕೆ ಸಹಜವಾದುದೇ. 2025ರ ಆಗಸ್ಟ್ ತಿಂಗಳಲ್ಲಿ ಡೆಹರಾಡೂನಿನಲ್ಲಿ ಜರುಗಿದ ಏಷ್ಯನ್ ಓಪನ್ ಷಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆಯು ಈ ಶಂಕೆಗೆ ಉತ್ತರವಾಗಿದೆ. ಮಳೆಗಾಲದ ಆ ದಿನಗಳಲ್ಲಿ ಆಟಗಾರರು ಓಡಿದ್ದು ಆಕಾಶದಿಂದ ಬಿದ್ದ ಹಿಮದ ಮೇಲಲ್ಲ; ಯಂತ್ರವು ಹೆಪ್ಪುಗಟ್ಟಿಸಿದ ನೀರಿನ ಮೇಲೆ.

ಈ ಕ್ರೀಡೆಯ ಪಥವು 111.12 ಮೀಟರ್ ಸುತ್ತಳತೆಯ ಅಂಡಾಕಾರದ್ದು. 500 ಮೀಟರಿನ ಓಟವೆಂದರೆ ನಾಲ್ಕೂವರೆ ಸುತ್ತು. ಇಲ್ಲಿ ಹೋರಾಟವು ಗಡಿಯಾರದೊಡನೆ ಅಲ್ಲ, ಜೊತೆಯಲ್ಲಿ ಓಡುವವರೊಡನೆ. ತಿರುವಿನಲ್ಲಿ ಒಳಕ್ಕೆ ಬಾಗಿ, ಎಡಗೈಯ ಬೆರಳತುದಿಯನ್ನು ಹಿಮಕ್ಕೆ ಸೋಕಿಸುತ್ತ ಸಾಗಬೇಕು. ಅಡ್ಡಿಪಡಿಸಿದವನಿಗೆ ದಂಡನೆಯುಂಟು, ಅಡ್ಡಿಗೆ ಸಿಲುಕಿ ಹಿಂದುಳಿದವನನ್ನು ಮುಂದಿನ ಹಂತಕ್ಕೆ ಸೇರಿಸುವ ಅಧಿಕಾರವೂ ತೀರ್ಪುಗಾರರಿಗೆ ಉಂಟು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನ 1000 ಮೀಟರ್ ಅಂತಿಮ ಓಟದಲ್ಲಿ ಆಸ್ಟ್ರೇಲಿಯದ ಸ್ಟೀವನ್ ಬ್ರಾಡ್‌ಬರಿ ಎಲ್ಲರಿಗಿಂತ ಹಿಂದಿದ್ದನು. ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಉರುಳಿದರು. ಚಿನ್ನದ ಪದಕ ಆತನದಾಯಿತು. ಇದು ಬರಿಯ ಅದೃಷ್ಟವೆಂದು ನಗುವವರಿದ್ದಾರೆ. ಪಥವನ್ನು ಬಿಡದೆ ನಿಂತವನಿಗಲ್ಲದೆ ಅದೃಷ್ಟವೂ ಒಲಿಯದೆಂಬುದನ್ನು ಅವರು ಮರೆಯುತ್ತಾರೆ.

ಆದರೆ ನಾನು ಹೇಳಬೇಕೆಂದಿರುವುದು ಆಟಗಾರನ ಮಾತಲ್ಲ, ಅಂಗಳದ ಮಾತು. ಡೆಹರಾಡೂನಿನ ಆ ಹಿಮಾಂಗಳವು 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ನಿರ್ಮಿತವಾದುದು. ಅನಂತರ ಅದು ವರ್ಷಗಟ್ಟಲೆ ಮುಚ್ಚಿದ್ದು, 2025ರಲ್ಲಿ ದುರಸ್ತಿಗೊಂಡು ತೆರೆಯಿತು. ಕಟ್ಟಡವನ್ನು ದುರಸ್ತಿ ಮಾಡಬಹುದು. ಆ ನಡುವೆ ಆಟದ ವಯಸ್ಸನ್ನು ದಾಟಿಹೋದ ಬಾಲಕ ಬಾಲಕಿಯರಿಗೆ ಕಳೆದ ಕಾಲವನ್ನು ಹಿಂದಿರುಗಿಸುವವರು ಯಾರು? ಕಟ್ಟುವುದಕ್ಕೆ ಉತ್ಸಾಹ ಸಾಕು. ಕಾಪಾಡುವುದಕ್ಕೆ ನಿತ್ಯದ ಶ್ರದ್ಧೆ ಬೇಕು.

ಈ ಪಾಠವು ನಮ್ಮ ಸೀಮೆಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದುಬಂದಿತು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ಬಂಡೆಯೇ ಕಾದು ಸುಡುವೆಡೆಗೆ, ತಂಪುಗೊಳಿಸಿದ ಗಾಳಿಯನ್ನು ಇಳಿಸಿ ನಮ್ಮವರು ದುಡಿದರು. ಕೆಂಡದಂತಹ ಪಾತಾಳವನ್ನು ತಣಿಸಿದ ಊರಿಗೆ ಯಂತ್ರದ ಹಿಮ ಅಚ್ಚರಿಯೇನಲ್ಲ. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು. ಅಂದಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುವವರ ಮಕ್ಕಳು ನಮ್ಮ ಕಣ್ಣೆದುರಿನಲ್ಲಿ ಬೆಳೆಯುತ್ತಿದ್ದಾರೆ. ತಂದೆತಾಯಿ ಮರಳುವವರೆಗಿನ ಸಂಜೆಯನ್ನು ಆ ಮಕ್ಕಳು ಎಲ್ಲಿ ಕಳೆಯಬೇಕು?

ಇಲ್ಲಿ ಹಿಮಾಂಗಳವನ್ನು ಕಟ್ಟಿರೆಂದು ನಾನು ಬೇಡುವುದಿಲ್ಲ. ಪೋಷಿಸಲಾರದುದನ್ನು ಕಟ್ಟುವುದು ವಿವೇಕವಲ್ಲ. ನಮ್ಮ ದೇಶದ ಹಿಮದೋಟಗಾರರಲ್ಲಿ ಹಲವರು ಮೊದಲು ಗಾಲಿಯ ಸ್ಕೇಟುಗಳನ್ನು ಕಟ್ಟಿಕೊಂಡು ಸಿಮೆಂಟು ನೆಲದ ಮೇಲೆ ಬಿದ್ದೆದ್ದು ಕಲಿತವರು. ಅಂತಹ ಒಂದು ಸಮತಟ್ಟಾದ ನೆಲ, ದಿನವೂ ಅದನ್ನು ಗುಡಿಸುವ ಕೈ, ತಲೆಗೊಂದು ಶಿರಸ್ತ್ರಾಣ, ಸಂಜೆ ತಪ್ಪದೆ ಬರುವ ಒಬ್ಬ ಶಿಕ್ಷಕ: ಇಷ್ಟು ನಮ್ಮ ಶಾಲೆಗಳಿಗೂ ಪೌರಸಭೆಗಳಿಗೂ ಅಸಾಧ್ಯವೇ? ಭೂಮಿಯೊಳಗಿನ ಹೊನ್ನನ್ನು ಅಗೆದು ತೆಗೆದೆವು. ಭೂಮಿಯ ಮೇಲೆ ಓಡಾಡುವ ಹೊನ್ನನ್ನು ಕಾಪಾಡಿಕೊಳ್ಳುವ ಹೊಣೆ ಇನ್ನೂ ನಮ್ಮ ಮೇಲಿದೆ.