‘ಕೆಟ್ಟಿದೆ’ ಎಂದು ದಾಸ್ತಾನು ವಹಿಯಲ್ಲಿ ಬರೆಯುವ ಮುನ್ನ

ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದಲ್ಲಿ ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ಇಪಿಸಿ ಪತ್ರಿಕೆ ಇದೆ. ವಿಮರ್ಶೆ ಶೀರ್ಷಿಕೆಯಲ್ಲೇ ಉಳಿಯುತ್ತದೆ. ಪ್ರಾಯೋಗಿಕ ಅವಧಿಗಳು ಹತ್ತು ಸ್ಲೈಡಿನ ಪಿಪಿಟಿ, ಒಂದು ಎಕ್ಸೆಲ್ ಅಂಕಪಟ್ಟಿ, ಒಂದು ಇ-ಮೇಲ್ ಇಷ್ಟರಲ್ಲೇ ಮುಗಿಯುತ್ತವೆ. ಇವೆಲ್ಲ ಇಂದಿನ ಪ್ರಶಿಕ್ಷಣಾರ್ಥಿಗಳಿಗೆ ಪದವಿ ತರಗತಿಯಲ್ಲೇ ಬಂದಿರುತ್ತವೆ. ಇವುಗಳಲ್ಲಿ ಒಂದನ್ನು ಕೈಬಿಟ್ಟು, ಹಳೆಯ ಸ್ಕ್ಯಾನರೊಂದನ್ನು ಹೊಸ ಗಣಕಯಂತ್ರಕ್ಕೆ ಹೊಂದಿಸುವ ಕೆಲಸವನ್ನು ಎರಡು ಅವಧಿಗಳ ಪ್ರಾಯೋಗಿಕವಾಗಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಮೆಕ್ಯಾನಿಕ್ ಕೆಲಸ ಎಂದು ನಗುತ್ತಾರೆ. ನಾನು ಒಪ್ಪುವುದಿಲ್ಲ.

ಅಭ್ಯಾಸ ಬೋಧನೆಯ ಅವಲೋಕನಕ್ಕೆ ಹೋದ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಯ ಬೀರು ತೆಗೆಸಿದರೆ ಸಾಮಾನ್ಯವಾಗಿ ಒಂದು ಚಪ್ಪಟೆ ಸ್ಕ್ಯಾನರು ಸಿಗುತ್ತದೆ. ಗಾಜು ಸ್ವಚ್ಛ, ದೀಪ ಸರಿ, ಬಳಸಿದ್ದೂ ಕಡಿಮೆ. ಹೊಸ ಗಣಕಗಳು ಬಂದ ವರ್ಷದಿಂದ ಅದು ‘ಕೆಟ್ಟಿದೆ’. ನಮ್ಮ ಕಾಲೇಜಿನದ್ದೂ ಹೀಗೇ ಈ ಸಲದ ವಿಲೇವಾರಿ ಪಟ್ಟಿಗೆ ಸೇರಿತ್ತು.

ಅದು ಕೆಟ್ಟಿರಲಿಲ್ಲ. ಸ್ಕ್ಯಾನರಿಗೂ ಗಣಕಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶವೇ ಡ್ರೈವರು. ಸ್ಕ್ಯಾನರು ಮಾರುಕಟ್ಟೆಗೆ ಬಂದಾಗ ತಯಾರಕರು ಆ ಕಾಲದ 32-ಬಿಟ್ ವಿಂಡೋಸಿಗೆ ಡ್ರೈವರು ಬರೆದು ಸಿಡಿಯಲ್ಲಿ ಕೊಟ್ಟರು. 2021ರಲ್ಲಿ ಬಂದ ವಿಂಡೋಸ್ 11 ಬರೀ 64-ಬಿಟ್. ಇಲ್ಲೊಂದು ಸೂಕ್ಷ್ಮವಿದೆ, ಅನೇಕರು ಎಡವುವುದು ಇಲ್ಲೇ. 64-ಬಿಟ್ ವಿಂಡೋಸಿನಲ್ಲಿ 32-ಬಿಟ್ ಅಪ್ಲಿಕೇಶನ್ ಓಡುತ್ತದೆ. ವ್ಯವಸ್ಥೆಯ ತಿರುಳಿನಲ್ಲಿ ಕೂತು ಕೆಲಸ ಮಾಡಬೇಕಾದ 32-ಬಿಟ್ ಡ್ರೈವರು ಓಡುವುದಿಲ್ಲ. ಹಾಗಾಗಿ ಸಿಡಿಯ ತಂತ್ರಾಂಶ ಸಲೀಸಾಗಿ ಇನ್‌ಸ್ಟಾಲ್ ಆಗಿ ಐಕಾನ್ ಕೂಡ ಬರುತ್ತದೆ, ಒತ್ತಿದರೆ ಮಾತ್ರ ‘ಸ್ಕ್ಯಾನರ್ ಸಿಗುತ್ತಿಲ್ಲ’ ಎನ್ನುತ್ತದೆ. ನೋಡಿದವರು ಯಂತ್ರವನ್ನೇ ದೂರುತ್ತಾರೆ. ಮಾರಾಟ ನಿಂತ ಮಾದರಿಗೆ ಹೊಸ ಡ್ರೈವರು ಬರೆಯಲು ತಯಾರಕರಿಗೆ ಲಾಭವೇನೂ ಇಲ್ಲ, ಅದು ಬೇರೆ ಮಾತು.

ನಮ್ಮ ವಿಜ್ಞಾನ ವಿಭಾಗದ ನಾಲ್ವರು ಪ್ರಶಿಕ್ಷಣಾರ್ಥಿಗಳಿಗೆ ಆ ಸ್ಕ್ಯಾನರನ್ನು ಕೊಟ್ಟೆ. ಮೊದಲ ಹತ್ತು ನಿಮಿಷದಲ್ಲೇ ಒಬ್ಬರು ಮಾದರಿಯ ಹೆಸರನ್ನು ಹುಡುಕಿ, ಮೊದಲು ಕಂಡ ತಾಣದಿಂದ ‘ಡ್ರೈವರ್ ಅಪ್‌ಡೇಟರ್’ ಒಂದನ್ನು ಇಳಿಸಿಕೊಳ್ಳಲು ಹೊರಟರು. ತಡೆದು, ‘ಈ ತಾಣ ಯಾರದು?’ ಎಂದು ಕೇಳಿದೆ. ಉತ್ತರ ಇರಲಿಲ್ಲ. ಆಕರದ ವಿಶ್ವಾಸಾರ್ಹತೆಯ ಬಗ್ಗೆ ನಾವು ತರಗತಿಯಲ್ಲಿ ಎಷ್ಟು ಟಿಪ್ಪಣಿ ಬರೆಸಿದರೂ ಆ ಒಂದು ಪ್ರಶ್ನೆಯಷ್ಟು ಅದು ನಾಟುವುದಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು, ‘ಮೇಡಂ, ಕೇಬಲ್ ಹಾಕಿದಾಗ ಒಳಗಿನ ದೀಪ ಒಂದು ಸಲ ಅಲುಗಾಡಿತು’ ಎಂದರು. ಅವರು ಅಂದು ಮಾಡಿದ ಅತ್ಯುತ್ತಮ ಅವಲೋಕನ ಅದು. ದೀಪ ಚಲಿಸಿದರೆ ವಿದ್ಯುತ್ತು ಇದೆ, ಮೋಟರು ಇದೆ, ಸಾಗಣೆಗೆಂದು ತಳದಲ್ಲಿ ಇಟ್ಟಿರುವ ಬೀಗವೂ ತೆರೆದಿದೆ. ಅಂದರೆ ತೊಡಕು ಮುಂದಿನ ಹಂತದ್ದು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಡನೆ ಹೆಸರಿಲ್ಲದ ಸಾಧನವೊಂದು ಕಂಡಿತು; ಅದರ ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ಇತ್ತು. ಪ್ರತಿ ಯುಎಸ್‌ಬಿ ಸಾಧನಕ್ಕೂ ತಯಾರಕರ ಸಂಕೇತ, ಮಾದರಿಯ ಸಂಕೇತ ಎಂದು ಎರಡಿರುತ್ತವೆ. ಕ್ಯಾನನ್ ಆದರೆ 04ಎ9, ಎಪ್ಸನ್ ಆದರೆ 04ಬಿ8. ಗಣಕಕ್ಕೆ ಸ್ಕ್ಯಾನರು ಕಾಣಿಸುತ್ತಿದೆ, ಅದರ ಮಾತು ಮಾತ್ರ ತಿಳಿಯುತ್ತಿಲ್ಲ ಎಂಬುದು ಇಲ್ಲಿಗೆ ಖಚಿತವಾಯಿತು.

ನೈದಾನಿಕ ಪರೀಕ್ಷೆಯ ಪಾಠದಲ್ಲಿ ನಾವು ಕಲಿಸುವುದು ಇದನ್ನೇ. ದಶಕ ತೆಗೆದು ಕಳೆಯುವ ಲೆಕ್ಕದಲ್ಲಿ ತಪ್ಪಿದ ಮಗುವಿಗೆ ‘ಗಣಿತ ಬರುವುದಿಲ್ಲ’ ಎಂದು ಬರೆಯಬೇಡಿ, ಯಾವ ಹಂತದಲ್ಲಿ ತಡೆಯಿತೆಂದು ನೋಡಿ ಎನ್ನುತ್ತೇವೆ. ಆದರೂ ಪ್ರಶಿಕ್ಷಣಾರ್ಥಿಗಳ ದಾಖಲೆ ಪುಸ್ತಕಗಳಲ್ಲಿ ‘ಗಮನದ ಕೊರತೆ’, ‘ಆಸಕ್ತಿಯ ಕೊರತೆ’ ಎಂಬ ಸಿದ್ಧ ಕಾರಣಗಳೇ ವರ್ಷ ವರ್ಷ ಬರುತ್ತವೆ. ಮಗು ಮತ್ತು ಯಂತ್ರ ಒಂದೇ ಎಂದು ನಾನು ಹೇಳುತ್ತಿಲ್ಲ. ಯಂತ್ರದಲ್ಲಿ ಊಹೆ ಸುಳ್ಳಾದರೆ ತಕ್ಷಣ ಗೊತ್ತಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಹಾಗಾಗಿ ಊಹಿಸಿ, ಪರೀಕ್ಷಿಸಿ, ಬಿಡುವ ಅಭ್ಯಾಸಕ್ಕೆ ಅದು ಒಳ್ಳೆಯ ಜಾಗ.

ಪರಿಹಾರಗಳು ಹಲವು. ಮೊದಲು ತಯಾರಕರ ಅಧಿಕೃತ ತಾಣದಲ್ಲೇ 64-ಬಿಟ್ ಡ್ರೈವರು ಇದೆಯೇ ನೋಡಬೇಕು. ಹಿಂದಿನ ವಿಂಡೋಸಿನ 64-ಬಿಟ್ ಡ್ರೈವರು ಎಷ್ಟೋ ಸಲ ಹೊಸದರಲ್ಲೂ ನಡೆಯುತ್ತದೆ. ಇಲ್ಲದಿದ್ದರೆ ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಸಾವಿರಾರು ಹಳೆಯ ಮಾದರಿಗಳನ್ನು ಬಲ್ಲದು. ಅದು ಹಣ ಕೊಟ್ಟು ಕೊಳ್ಳುವಂಥದ್ದು, ಪ್ರಾಯೋಗಿಕ ಆವೃತ್ತಿ ಚಿತ್ರದ ಮೇಲೆ ಮುದ್ರೆ ಒತ್ತುತ್ತದೆ. ಶಾಲೆಗೆ ನಾನು ಹೇಳುವುದು ಉಬುಂಟು. ಪೆನ್‌ಡ್ರೈವಿನಿಂದಲೇ ಗಣಕವನ್ನು ಆರಂಭಿಸಬಹುದು, ಒಳಗಿನ ವಿಂಡೋಸನ್ನು ಮುಟ್ಟಬೇಕಿಲ್ಲ. ಲಿನಕ್ಸಿನಲ್ಲಿ ಸ್ಕ್ಯಾನರುಗಳನ್ನು ನೋಡಿಕೊಳ್ಳುವ ಸೇನ್ ಎಂಬ ಮುಕ್ತ ಯೋಜನೆಯ ಡ್ರೈವರುಗಳಲ್ಲಿ ಬಹಳಷ್ಟನ್ನು ಸ್ವಯಂಸೇವಕರು ಬರೆದಿದ್ದಾರೆ. ಯಾವ ಮಾದರಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬ ಪಟ್ಟಿಯನ್ನೂ ಅವರು ಇಟ್ಟಿದ್ದಾರೆ. ಕೆಲವು ಮಾದರಿಗಳಿಗೆ ಹಳೆಯ ಸಿಡಿಯಲ್ಲಿರುವ ಫರ್ಮ್‌ವೇರ್ ಕಡತವೊಂದು ಬೇಕಾಗುತ್ತದೆ, ಸಿಡಿಯನ್ನು ಎಸೆಯಬೇಡಿ. ನಮ್ಮದು ಉಬುಂಟುವಿನಲ್ಲಿ ಏನೂ ಕೇಳದೆ ಓಡಿತು. ನಾಲ್ವರೂ ಮೊದಲು ಗಾಜಿನ ಮೇಲೆ ಇಟ್ಟದ್ದು ತಮ್ಮ ಕೈಗಳನ್ನೇ.

ಸ್ಕ್ಯಾನರು ಏಕೆ, ಮೊಬೈಲ್ ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದು ಸುತ್ತೋಲೆಯನ್ನು ಕಳಿಸಲು ಮೊಬೈಲ್ ಸಾಕು. ಆದರೆ ಇಂಟರ್ನ್‌ಶಿಪ್‌ನಲ್ಲಿ ನಲವತ್ತು ಮಕ್ಕಳ ಉತ್ತರ ಪತ್ರಿಕೆಗಳನ್ನು ದೋಷ ವಿಶ್ಲೇಷಣೆಗೆ ಇಟ್ಟುಕೊಳ್ಳಬೇಕಾದಾಗ ಅವು ಎಲ್ಲಿಗೆ ಹೋಗುತ್ತಿವೆ ಎಂದು ಯೋಚಿಸಬೇಕು. ಶಿಕ್ಷಕರು ಧಾರಾಳವಾಗಿ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಆ್ಯಪ್ 2020ರ ಜೂನ್‌ನಲ್ಲಿ ನಿಷೇಧಿತ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಅದರಲ್ಲಿ ತೆಗೆದ ಮಕ್ಕಳ ಹೆಸರು, ಅಂಕ, ಕೈಬರಹಗಳನ್ನು ನಾವಾರೂ ಎಣಿಸಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಕಾಣುತ್ತದೆ. ಸ್ಕ್ಯಾನರಿನಲ್ಲಿ ತೆಗೆದ ಪುಟ ಆ ಕೊಠಡಿಯ ಗಣಕದಲ್ಲೇ ಉಳಿಯುತ್ತದೆ. ಮೇಲಾಗಿ 300 ಡಿಪಿಐನಲ್ಲಿ ನೇರವಾಗಿ, ನೆರಳಿಲ್ಲದೆ ತೆಗೆದ ಮುದ್ರಿತ ಪುಟವನ್ನು ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶ ಕನ್ನಡ ಪಠ್ಯವಾಗಿಯೂ ಪರಿವರ್ತಿಸಬಲ್ಲದು. ಹಳೆಯ ಪಠ್ಯಪುಸ್ತಕದ ಪದ್ಯ ಪಾಠವನ್ನು ಮತ್ತೆ ಟೈಪ್ ಮಾಡಿ ಬೇಸತ್ತವರಿಗೆ ಇದರ ಬೆಲೆ ಗೊತ್ತು.

ಹೊಸದನ್ನೇ ಕೊಂಡರಾಯಿತು ಎನ್ನುವವರೂ ಇದ್ದಾರೆ. ಕೆಲವು ಸಾವಿರ ರೂಪಾಯಿ ಕಾಲೇಜಿಗೆ ದೊಡ್ಡದಲ್ಲ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ಅದು ಎಸ್‌ಡಿಎಂಸಿ ಸಭೆ, ಮೂರು ದರಪಟ್ಟಿ, ಬಳಕೆ ಪ್ರಮಾಣಪತ್ರ. ಹಾಗೆಂದು ಪ್ರತಿಯೊಂದನ್ನೂ ಉಳಿಸಿಕೊಳ್ಳಬೇಕೆಂಬ ಹಟ ನನಗಿಲ್ಲ. ಪ್ರಿಂಟರ್ ಪೋರ್ಟಿಗೆ ಜೋಡಿಸುವ ಯುಎಸ್‌ಬಿಗೂ ಹಿಂದಿನ ಸ್ಕ್ಯಾನರುಗಳ ಹಿಂದೆ ಬಿದ್ದು ಮಕ್ಕಳ ಪಾಠದ ಸಮಯ ಹಾಳುಮಾಡುವುದು ತರವಲ್ಲ; ಅವು ಇ-ತ್ಯಾಜ್ಯಕ್ಕೆ ಹೋಗಲಿ. ವಿಂಡೋಸಿನ ಡ್ರೈವರ್ ಸಹಿ ಪರಿಶೀಲನೆಯನ್ನು ಆಫ್ ಮಾಡಿ ಹೇಗಾದರೂ ನಡೆಸುವ ಉಪಾಯವನ್ನಂತೂ ಶಾಲೆಯ ಗಣಕದಲ್ಲಿ ಮಾಡಲೇಬಾರದು. ಅದಕ್ಕಿಂತ ಹಳೆಯ ಗಣಕವೊಂದನ್ನು ಇಂಟರ್‌ನೆಟ್ ಇಲ್ಲದೆ ಸ್ಕ್ಯಾನರಿಗೆಂದೇ ಬದಿಗಿಡುವುದು ಮೇಲು.

ಪ್ರಾಯೋಗಿಕಕ್ಕೆ ಅಂಕ ಕೊಡುವಾಗ ಸ್ಕ್ಯಾನರು ಓಡಿತೋ ಇಲ್ಲವೋ ನೋಡಬಾರದು. ಯಾವ ಊಹೆ ಮಾಡಿದಿರಿ, ಹೇಗೆ ಪರೀಕ್ಷಿಸಿದಿರಿ, ಯಾವುದನ್ನು ಏಕೆ ಕೈಬಿಟ್ಟಿರಿ ಎಂಬ ಒಂದು ಪುಟದ ದಾಖಲೆಗೆ ಅಂಕವಿರಲಿ. ಮುಂದಿನ ತಂಡ ಇಂಟರ್ನ್‌ಶಿಪ್‌ಗೆ ಹೊರಡುವಾಗ ಪ್ರತಿ ಶಾಲೆಗೆ ಒಂದು ಉಬುಂಟು ಪೆನ್‌ಡ್ರೈವ್ ಕಳಿಸೋಣ ಎಂದು ಪ್ರಾಂಶುಪಾಲರಲ್ಲಿ ಕೇಳಿದ್ದೇನೆ. ಜೊತೆಗೆ ಚೌಕ ತುದಿಯ ಯುಎಸ್‌ಬಿ ಕೇಬಲ್ ಒಂದು ಇರಲಿ. ಬೀರುವಿನಲ್ಲಿ ಸ್ಕ್ಯಾನರು ಸಿಗುತ್ತದೆ, ಕೇಬಲ್ ಸಿಗುವುದಿಲ್ಲ.