ಮೊದಲು ತಂತಿ, ಆಮೇಲೆ ಹ್ಯಾಂಡಿ

ಜಡೆಯಲ್ಲಿರೋ ಚಿಕ್ಕಪ್ಪನ ಮಗನಿಗೆ ಹ್ಯಾಮ್ ರೇಡಿಯೋ ಲೈಸೆನ್ಸ್ ಬಂತು. ಬಂದದ್ದೇ ತಡ, ಬೆಂಗಳೂರಿನ ಗೆಳೆಯರದೆಲ್ಲ ಒಂದೇ ಉಪದೇಶ: "ಮೊದಲು ಅಗ್ಗದ ಹ್ಯಾಂಡಿ ತಗೋ". ನನಗೆ ಸಿಟ್ಟು ಬಂದಿದ್ದು ಇಲ್ಲೇ.

ಬೆಂಗಳೂರಲ್ಲಿ ರಿಪೀಟರ್ ಇದೆ, ಐದು ವ್ಯಾಟಿನ ಹ್ಯಾಂಡಿ ಸಾಕು. ಅದು ಜಡೆಗೆ ಎಟುಕುತ್ತಾ? 144 ಮೆಗಾಹರ್ಟ್ಸಿನ ಅಲೆ ಹೆಚ್ಚುಕಡಿಮೆ ನೇರಕ್ಕೇ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಮುಗೀತು. ಹುಡುಗ ವಾರವಿಡೀ ಬರೀ ಗೊರಗೊರ ಕೇಳಿ ಹ್ಯಾಂಡಿಯನ್ನ ಅಟ್ಟಕ್ಕೆ ಹಾಕ್ತಾನೆ. ಅಲ್ಲಿಗೆ ಒಬ್ಬ ಹ್ಯಾಮ್ ಕಮ್ಮಿ ಆದ!

7 ಮೆಗಾಹರ್ಟ್ಸಿಗೆ ಬನ್ನಿ. ಹಗಲಲ್ಲಿ ಅದರ ಅಲೆ ಮೇಲೆ ಅಯಾನುಗೋಳಕ್ಕೆ ಹೋಗಿ ನೂರಾರು ಕಿಲೋಮೀಟರ್ ಸುತ್ತ ವಾಪಸ್ ಇಳಿಯುತ್ತೆ, ಗುಡ್ಡದ ಹಂಗಿಲ್ಲ. ಆಂಟೆನಾ? ಹತ್ತತ್ತು ಮೀಟರಿನ ಎರಡು ತಂತಿ. ಕಟ್ಟೋಕೆ ಅಡಿಕೆ ಮರಕ್ಕೆ ಬರವೇ? ಹೈದರಾಬಾದಿನ ಅಷ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಥರದ ಸೆಟ್ಟು 12 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತೆ, ಮಳೆಗಾಲದಲ್ಲಿ ಕರೆಂಟ್ ಹೋದರೂ. ಗುಡುಗು ಬಂದಾಗ ಮಾತ್ರ ತಂತಿ ಕಳಚಿಡಬೇಕು.

ದುಡ್ಡು ಹ್ಯಾಂಡಿಗಿಂತ ಹೆಚ್ಚು, ಒಪ್ಪಿದೆ. ಆದ್ರೆ ಮಾತಾಡೋಕೆ ಯಾರೂ ಸಿಗದ ರೇಡಿಯೋ ಎಷ್ಟು ಅಗ್ಗವಾದರೇನು ಬಂತು?

ನೀವೇನಂತೀರಿ? ಬೈಯೋರು ಧಾರಾಳವಾಗಿ ಬೈಬಹುದು :)