ವೃತ್ತವೂ ಆಯತಗಳ ರಾಶಿ
1984ರ ಮ್ಯಾಕಿಂಟಾಷ್‌ನಲ್ಲಿ ಬಿಲ್ ಅಟ್ಕಿನ್ಸನ್ ಬರೆದ, ಪರದೆಯ ಮೇಲೆ ಚಿತ್ರ ಬಿಡಿಸುವ ತಂತ್ರಾಂಶ ಕ್ವಿಕ್‌ಡ್ರಾ ಇತ್ತು. ಓಪನ್‌ರೀಜನ್ ಅಂದು, ವೃತ್ತವನ್ನೋ ಸೊಟ್ಟ ಗೆರೆಗಳನ್ನೋ ಎಳೆದು, ಕ್ಲೋಸ್‌ರೀಜನ್ ಅಂದರೆ ಮುಗಿಯಿತು; ಎಂಥ ಅಡ್ಡಾದಿಡ್ಡಿ ಆಕಾರವೂ ಒಂದು ರೀಜನ್, ಅಂದರೆ ಪರದೆಯ ಒಂದು ಪ್ರದೇಶ. ಅದೂ 128 ಕಿಲೋಬೈಟ್ ಮೆಮೊರಿಯಲ್ಲಿ! ಇಂಥ ರೀಜನ್ ಬಳಸುವ ಮ್ಯಾಕ್ ಪ್ರೋಗ್ರಾಮನ್ನು ಯುನಿಕ್ಸ್ ಕಂಪ್ಯೂಟರುಗಳ ಎಕ್ಸ್ ವಿಂಡೋ ವ್ಯವಸ್ಥೆಗೆ ಒಯ್ಯಲು ಹೊರಟವರಿಗೆ ಮಾತ್ರ ಇದು ಬಿಸಿತುಪ್ಪ. ಅಲ್ಲಿನ ಮೂಲ ಲೈಬ್ರರಿಯಲ್ಲಿ ರೀಜನ್ ಕಟ್ಟಲು ಸಿಗುವುದು ಆಯತ, ಬಹುಭುಜ, ಅಷ್ಟೇ. ನನಗೆ ಹಿಡಿಸಿದ್ದು ಒಂದು ಒರಟು ಉಪಾಯ: ಆಕಾರವನ್ನು ಮರೆಯಲ್ಲಿರುವ ಕಪ್ಪು-ಬಿಳುಪು ಬಿಟ್‌ಮ್ಯಾಪ್ ಮೇಲೆ ಬರೆದು, ಸಾಲುಸಾಲಾಗಿ ಓದುತ್ತ, ಕಪ್ಪು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ನೋಡಿ ಒಂದು ಪಿಕ್ಸೆಲ್ ಎತ್ತರದ ಆಯತಗಳನ್ನು ಪೇರಿಸುತ್ತ ಹೋಗುವುದು. ಒಂದರ ಕೆಳಗೊಂದು ಬರುವ ಒಂದೇ ಥರದ ಸಾಲುಗಳನ್ನು ಎಕ್ಸ್ ತಾನೇ ಬೆಸೆದುಕೊಳ್ಳುತ್ತದೆ, ಪುಣ್ಯ. ಚೌಕಕ್ಕೆ ಕೊನೆಗೆ ಒಂದೇ ಆಯತ ಉಳಿಯುತ್ತದೆ. ದೊಡ್ಡ ವೃತ್ತಕ್ಕೆ ಹತ್ತಾರು.